ಡಬ್ಬಿಯಲ್ಲಿ ಬಂದ ಹೆಪ್ಪು

ಕೇಳುಗರಿಗೆ ನಮಸ್ಕಾರ.

ಮುಂಬೈಯ ಆಸ್ಪತ್ರೆಯೊಂದರ ಪ್ರಯೋಗಾಲಯದಲ್ಲಿ ನಾನು 28 ವರ್ಷ ದುಡಿದೆ. ರೋಗಿಯ ಮೈಯಲ್ಲಿರುವ ಬ್ಯಾಕ್ಟೀರಿಯಾ ಯಾವುದು, ಯಾವ ಔಷಧಿಗೆ ಸಾಯುತ್ತದೆ ಎಂದು ಹುಡುಕುವುದೇ ಕೆಲಸ. ನಿವೃತ್ತನಾದ ಮೇಲೆ ಮಾಟುಂಗಾದ ಮನೆಯಲ್ಲಿ ಬ್ಯಾಕ್ಟೀರಿಯಾ ಸಾಕುತ್ತಿದ್ದೇನೆ. ಮನೆಗೆ ಬಂದವರು ಮಾತ್ರ 'ಮೀನು ಸಾಕಿದ್ದೀರಲ್ಲ' ಎನ್ನುತ್ತಾರೆ. 150 ಲೀಟರಿನ ಉಪ್ಪುನೀರಿನ ತೊಟ್ಟಿ. ಅದರಲ್ಲಿ ಕಿತ್ತಳೆ ಬಣ್ಣದ ಎರಡು ಕ್ಲೌನ್ ಮೀನುಗಳು. ಮೂರನೆಯದೊಂದಿತ್ತು, ನೀಲಿ ಡ್ಯಾಮ್ಸೆಲ್. ಅದನ್ನು ಕೊಂದವನು ನಾನೇ, ಅದೂ ಶುಚಿತ್ವದ ಹೆಸರಿನಲ್ಲಿ.

ದೀಪಾವಳಿಗೆ ಮನೆ ತೊಳೆಯುವ ಗಡಿಬಿಡಿ. ಫಿಲ್ಟರಿನ ಸ್ಪಂಜಿಗೆ ಅಂಟಿದ್ದ ಕಂದು ಲೋಳೆ ಕಣ್ಣಿಗೆ ಬಿತ್ತು. ಅಡುಗೆಮನೆಯ ನಲ್ಲಿಯ ಕೆಳಗೆ ಹಿಡಿದು, ಹಿಂಡಿದ ನೀರು ತಿಳಿಯಾಗುವ ತನಕ ಹಿಂಡಿದೆ. ಕಲ್ಲುಗಳನ್ನೂ ಬಿಡಲಿಲ್ಲ, ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿ, ಅದೇ ನೀರಿನಲ್ಲಿ ತೊಳೆದಿಟ್ಟೆ. ಪ್ರಯೋಗಾಲಯದ ಕೈ, ಸುಮ್ಮನಿರುವುದಿಲ್ಲ.

ಮೂರನೆಯ ಬೆಳಿಗ್ಗೆ ತೊಟ್ಟಿಯ ಹಿಂದಿನ ಗೋಡೆ ಕಾಣಲಿಲ್ಲ. ಕುಂದಾಪುರದಿಂದ ಬಂದಿದ್ದ ಅಮ್ಮ ಕಾಫಿ ಲೋಟ ಹಿಡಿದು ಬಗ್ಗಿ ನೋಡಿ, "ಮೀನನ್ನು ಅಕ್ಕಚ್ಚಿನಲ್ಲಿ ಬಿಟ್ಟಿದ್ದೀಯಲ್ಲ ಮಾರಾಯ!" ಎಂದಳು. ಅಕ್ಕಿ ತೊಳೆದ ನೀರಿನಷ್ಟೇ ಬೆಳ್ಳಗಿತ್ತು. ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆಯುತ್ತಿದ್ದವು.

ಆದದ್ದು ಇಷ್ಟು. ಮೀನಿನ ಕಿವಿರಿನಿಂದ, ಹೇಲಿನಿಂದ, ಕೊಳೆತ ಆಹಾರದಿಂದ ಅಮೋನಿಯಾ ಹುಟ್ಟುತ್ತದೆ. ಒಂದು ಬಗೆಯ ಸೂಕ್ಷ್ಮಜೀವಿ ಅದನ್ನು ನೈಟ್ರೈಟ್ ಮಾಡುತ್ತದೆ, ಇನ್ನೊಂದು ಬಗೆ ನೈಟ್ರೈಟನ್ನು ನೈಟ್ರೇಟ್ ಮಾಡುತ್ತದೆ. ಇವು ನೀರಿನಲ್ಲಿ ತೇಲುವವಲ್ಲ. ಕಲ್ಲಿಗೆ, ಮರಳಿಗೆ, ಸ್ಪಂಜಿಗೆ ಅಂಟಿಕೊಂಡು ಬಾಳುವವು. ನಾನು ಕೊಳೆಯೆಂದು ಹಿಂಡಿ ಚೆಲ್ಲಿದ್ದು ಅವುಗಳ ಊರನ್ನೇ. ಉಳಿದವನ್ನು ನಲ್ಲಿನೀರಿನ ಕ್ಲೋರಿನ್ ಮುಗಿಸಿತು. ನಮ್ಮನ್ನು ಕಾಲರಾದಿಂದ ಕಾಯುವ ಕ್ಲೋರಿನ್ನಿಗೆ ಇವರು ನಮ್ಮವರು ಎಂದು ಹೇಳುವವರಾರು?

ಪ್ರಯೋಗಾಲಯದಲ್ಲಿ ಅಷ್ಟು ವರ್ಷ ಕಳೆದರೂ ಈ ಜೀವಿಗಳನ್ನು ನಾನು ಒಮ್ಮೆಯೂ ಕಂಡಿರಲಿಲ್ಲ. ರಕ್ತ, ಮಾಂಸದ ಸಾರ ಬೆರೆಸಿ ನಾವು ತಯಾರಿಸುವ ತಟ್ಟೆಗಳಲ್ಲಿ ಇವು ಬೆಳೆಯುವುದಿಲ್ಲ. 1890ರ ಸುಮಾರಿಗೆ ರಷ್ಯಾದ ವಿಜ್ಞಾನಿ ವಿನೊಗ್ರಾಡ್‌ಸ್ಕಿ ಇವನ್ನು ಬೇರ್ಪಡಿಸಿದ್ದು ಅಂಥ ಊಟವನ್ನೆಲ್ಲ ತೆಗೆದುಹಾಕಿದ ಮೇಲೆಯೇ. ಅಮೋನಿಯಾ, ನೈಟ್ರೈಟ್‌ಗಳೇ ಇವುಗಳ ಅನ್ನ. ಹಾಗಾಗಿ ಬೆಳವಣಿಗೆಯೂ ನಿಧಾನ: ಒಂದು ಎರಡಾಗಲು ಹೆಚ್ಚುಕಡಿಮೆ ಒಂದು ದಿನ ಬೇಕು. ಹೊಸ ತೊಟ್ಟಿ ಹದಕ್ಕೆ ಬರಲು ನಾಲ್ಕರಿಂದ ಆರು ವಾರ ಹಿಡಿಯುವುದು ಅದಕ್ಕೇ.

ನೀರನ್ನು ಬೆಳ್ಳಗೆ ಮಾಡಿದವು ಬೇರೆ. ಕೊಳೆತದ್ದನ್ನು ತಿಂದು ಬದುಕುವ, ತೇಲಾಡುವ ಬ್ಯಾಕ್ಟೀರಿಯಾಗಳು. ತಿನ್ನಲು ಸಿಕ್ಕರೆ ಗಂಟೆಗಳಲ್ಲಿ ದುಪ್ಪಟ್ಟಾಗುತ್ತವೆ, ಆಮ್ಲಜನಕವನ್ನೂ ಹೀರುತ್ತವೆ. 25 ಡಿಗ್ರಿಯ ಸಿಹಿನೀರಿನಲ್ಲಿ ಲೀಟರಿಗೆ ಸುಮಾರು 8 ಮಿಲಿಗ್ರಾಂ ಆಮ್ಲಜನಕ ಕರಗಿದರೆ ಸಮುದ್ರದ ನೀರಿನಲ್ಲಿ 7 ಮಿಲಿಗ್ರಾಂ ಕೂಡ ಕರಗುವುದಿಲ್ಲ. ಅದರಲ್ಲಿ ಕೋಟ್ಯಂತರ ಪಾಲುದಾರರು ಬಂದರೆ ಮೀನು ಎಲ್ಲಿಗೆ ಹೋಗಬೇಕು?

ಗಾಬರಿಯಿಂದ ಅರ್ಧ ನೀರು ಬದಲಿಸಿದೆ. ಮರುದಿನ ಮತ್ತೆ ಅಕ್ಕಚ್ಚು. ಅಮೋನಿಯಾ ಇಳಿಸಲು ನೀರು ಬದಲಿಸಬೇಕು ನಿಜ. ಆದರೆ ಬಿಳುಪು ಅದರಿಂದ ಹೋಗುವುದಿಲ್ಲ, ತಿನ್ನಲು ಸಿಗುವುದು ನಿಂತರೆ ಹೋಗುತ್ತದೆ. ಅಮೋನಿಯಾ ಪರೀಕ್ಷೆಯ ನಳಿಗೆಗೆ ಹನಿ ಹಾಕಿ ಐದು ನಿಮಿಷ ಕಾದೆ. ಹಳದಿಯಾಗಿಯೇ ಉಳಿಯಬೇಕಾದ ನೀರು ಹಸಿರಿಗೆ ತಿರುಗಿತು. ಸಮುದ್ರದ ನೀರಿನ ಪಿಎಚ್, ಅಂದರೆ ಆಮ್ಲ-ಕ್ಷಾರದ ಅಳತೆ, 8.2ರ ಆಸುಪಾಸು, ಪಿಎಚ್ ಏರಿದಷ್ಟೂ ಅಮೋನಿಯಾ ವಿಷದ ರೂಪಕ್ಕೆ ತಿರುಗುತ್ತದೆ. ಸಂಜೆಗೆ ಡ್ಯಾಮ್ಸೆಲ್ ಹೋಯಿತು.

ಡೊಂಬಿವಲಿಯ ಗೆಳೆಯನಿಗೆ ಫೋನ್ ಮಾಡಿದೆ. ಅವನದು ಏಳು ವರ್ಷದ ತೊಟ್ಟಿ. ಬೈದ, ಬೈದು ಮುಗಿಸಿ ತನ್ನ ಫಿಲ್ಟರಿನ ಸ್ಪಂಜಿನಲ್ಲಿ ಅರ್ಧ ಕತ್ತರಿಸಿ, ಸ್ಟೀಲಿನ ಊಟದ ಡಬ್ಬಿಯಲ್ಲಿ ತಂದ. ಸ್ಪಂಜು ತೇವವಾಗಿರುವಷ್ಟೇ ನೀರು, ಉಳಿದ ಜಾಗವೆಲ್ಲ ಗಾಳಿ. ಗಾಳಿ ಸಿಗದಿದ್ದರೆ ಬ್ಯಾಕ್ಟೀರಿಯಾಗಳು ಸೊರಗುತ್ತವೆ. ಲೋಕಲ್ ಟ್ರೇನಿನಲ್ಲಿ ಪಕ್ಕದವರು ಸಮುದ್ರದ ವಾಸನೆಗೆ ಮೂಗು ಮುಚ್ಚಿ, ಬಾಂಗಡೆಯ ಸಾರು ಕೆಟ್ಟಿದೆ ಎಂದುಕೊಂಡರಂತೆ. ಅಮ್ಮ ಮುಚ್ಚಳ ತೆಗೆದು ನೋಡಿ, "ಹೆಪ್ಪು ತಂದಿದ್ದಾನೆ" ಎಂದಳು. ಇಷ್ಟು ಹೊತ್ತು ನಾನು ಹೇಳಿದ್ದನ್ನು ಅವಳು ಒಂದೇ ಪದದಲ್ಲಿ ಮುಗಿಸಿಬಿಟ್ಟಳು.

ಸ್ಪಂಜನ್ನು ಒಳಗಿಟ್ಟೆವು. ಮೂರು ದಿನ ಮೀನಿಗೆ ಉಪವಾಸ. ಬೆಳೆದ ಮೀನಿಗೆ ಅದರಿಂದ ತೊಂದರೆಯಿಲ್ಲ. ಗಾಳಿಯ ಪಂಪು ಹಗಲಿರುಳೂ ಓಡಿತು. ಆರ್‌ಒ ನೀರಿಗೆ ಸಮುದ್ರದ ಉಪ್ಪು ಬೆರೆಸಿ, ಸಾಂದ್ರತೆ 1.025ಕ್ಕೆ ಹೊಂದಿಸಿ, ದಿನಕ್ಕೆ 20 ಲೀಟರಿನಂತೆ ಬದಲಿಸಿದೆ. ಇಷ್ಟು ಹತ್ತಿರ ಸಮುದ್ರವಿರುವಾಗ ಉಪ್ಪಿಗೇಕೆ ಹಣ ಎಂದು ಕೇಳುವವರಿದ್ದಾರೆ. ಚೌಪಾಟಿ ಕಡಲತೀರದ ನೀರಿಗೆ ನಗರದ ಚರಂಡಿ ಸೇರುತ್ತದೆ. ಮಳೆಗಾಲದಲ್ಲಿ ಉಪ್ಪಿನಂಶವೂ ಇಳಿಯುತ್ತದೆ. ಆ ಕೊಡವನ್ನು ಮನೆಗೆ ತರಬೇಡಿ. ಮಾಲ್ವಣದಿಂದಲೋ ಗೋವಾದಿಂದಲೋ ಹವಳದ ತುಂಡನ್ನೂ ತರಬೇಡಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಪ್ರಕಾರ ಅದು ಅಪರಾಧ.

ಹಳೆಯ ಕೆಲಸದ ನೆನಪಿನಿಂದ ಇನ್ನೊಂದು ಮಾತು. ಕೈಯಲ್ಲಿ ಗಾಯವಿದ್ದರೆ ಗವಸು ಹಾಕದೆ ತೊಟ್ಟಿಗೆ ಕೈ ಹಾಕಬೇಡಿ. ಮೈಕೋಬ್ಯಾಕ್ಟೀರಿಯಂ ಮೆರೈನಮ್ ಎಂಬುದು ಕ್ಷಯದ ಬ್ಯಾಕ್ಟೀರಿಯಾದ ದಾಯಾದಿ; 1926ರಲ್ಲಿ ಫಿಲಡೆಲ್ಫಿಯಾದ ಮತ್ಸ್ಯಾಲಯದ ಮೀನುಗಳಲ್ಲಿ ಪತ್ತೆಯಾದದ್ದು. ಒಳಹೊಕ್ಕ ಎಷ್ಟೋ ವಾರಗಳ ಮೇಲೆ ಬೆರಳಲ್ಲಿ ಗಂಟಾಗಿ ಏಳುತ್ತದೆ. ವೈದ್ಯರ ಬಳಿ ಹೋದಾಗ ಮನೆಯಲ್ಲಿ ಮೀನಿದೆ ಎಂದು ನೀವಾಗಿಯೇ ಹೇಳಿ; ಇಲ್ಲವಾದರೆ ಅವರಿಗೆ ಹೊಳೆಯುವುದು ಕಷ್ಟ.

ಐದನೆಯ ದಿನ ಹಿಂದಿನ ಗೋಡೆ ಕಂಡಿತು. ನಳಿಗೆಯಲ್ಲಿ ಹಳದಿ ಮರಳಲು ಇನ್ನೂ ಒಂದು ವಾರ ಬೇಕಾಯಿತು. ಸ್ಪಂಜನ್ನು ಈಗಲೂ ತೊಳೆಯುತ್ತೇನೆ, ತಿಂಗಳಿಗೊಮ್ಮೆ, ತೊಟ್ಟಿಯಿಂದಲೇ ತೆಗೆದ ನೀರಿನಲ್ಲಿ, ಎರಡೇ ಸಲ ಮೆಲ್ಲಗೆ ಅದುಮಿ. ಅದಕ್ಕೆ ಬಳಸುವುದು ಗೆಳೆಯನ ಆ ಡಬ್ಬಿಯನ್ನೇ. ಅವನು ವಾಪಸ್ಸು ಕೇಳಿದ್ದ. ಅವನ ಹೆಂಡತಿ ಬೇಡವೆಂದರಂತೆ.

ನಮಸ್ಕಾರ.