203 ಯತ್ನ, 201 ಕಳವು: ಸೋಫಿ ಕುರಿಸ್ ಓಡಿದ ಬಗೆ

[ಪರದೆಯ ಮೇಲೆ ಎರಡೇ ಅಂಕಿಗಳು: 203, 201]

ನಮಸ್ಕಾರ. 1946ರ ಒಂದೇ ಋತುವಿನಲ್ಲಿ ಸೋಫಿ ಕುರಿಸ್ ಎಂಬ ಇಪ್ಪತ್ತೊಂದು ವರ್ಷದ ಅಮೆರಿಕದ ಬೇಸ್‌ಬಾಲ್ ಆಟಗಾರ್ತಿ ಬೇಸ್ ಕದಿಯಲು 203 ಬಾರಿ ಓಡಿದರು. 201 ಬಾರಿ ದಕ್ಕಿಸಿಕೊಂಡರು. ಸಿಕ್ಕಿಬಿದ್ದದ್ದು ಎರಡೇ ಸಲ. ಈ ಅಂಕಿಯ ಬೆಲೆ ತಿಳಿಯಬೇಕಾದರೆ ಬೇಸ್ ಕದಿಯುವುದು ಎಂದರೇನೆಂದು ಮೊದಲು ನೋಡಬೇಕು.

ಕ್ರಿಕೆಟ್‌ನಲ್ಲಿ ಕೀಪರ್‌ನ ಕೈತಪ್ಪಿದ ಚೆಂಡಿಗೆ ಬೈ ಓಡುವುದನ್ನು ನಾವೆಲ್ಲ ನೋಡಿದ್ದೇವೆ. ಇದು ಅದಕ್ಕಿಂತ ಎದೆಗಾರಿಕೆಯ ಕೆಲಸ. ಬೇಸ್‌ಬಾಲ್ ಮೈದಾನದ ನಾಲ್ಕು ಮೂಲೆಗಳಲ್ಲಿ ನಾಲ್ಕು ಬೇಸ್‌ಗಳಿರುತ್ತವೆ; ಹೋಮ್ ಎಂಬ ಮೂಲೆಯಿಂದ ಹೊರಟು ಉಳಿದ ಮೂರನ್ನೂ ಸುತ್ತಿ ಹೋಮ್‌ಗೆ ಮರಳಿದರೆ ಒಂದು ರನ್. ಮೊದಲ ಬೇಸ್‌ನಲ್ಲಿರುವ ಓಟಗಾರ್ತಿ, ಪಿಚರ್, ಅಂದರೆ ಇಲ್ಲಿಯ ಬೌಲರ್, ಚೆಂಡೆಸೆಯಲು ಮೈ ತಿರುಗಿಸಿದ ಕ್ಷಣವೇ ಎರಡನೆಯ ಬೇಸ್‌ನತ್ತ ಓಟ ಕೀಳುತ್ತಾಳೆ. ಕೀಪರ್‌ನಂತೆ ಹಿಂದೆ ಕೂತ ಕ್ಯಾಚರ್ ಆ ಚೆಂಡನ್ನು ಹಿಡಿದು, ಎದ್ದು, ಎರಡನೆಯ ಬೇಸ್‌ಗೆ ಎಸೆದು, ಅಲ್ಲಿ ಕಾದು ನಿಂತವಳು ಅದನ್ನು ಓಟಗಾರ್ತಿಯ ಮೈಗೆ ಮುಟ್ಟಿಸುವುದರೊಳಗೆ ಇವಳು ನೆಲದ ಮೇಲೆ ಜಾರಿಕೊಂಡು ಹೋಗಿ ಬೇಸ್ ಮುಟ್ಟಿರಬೇಕು. ಕಾಲಿಗೆ ವೇಗ ಬೇಕು, ನಿಜ. ಆದರೆ ಪಿಚರ್‌ಳ ಭುಜವನ್ನೂ ಮೊಣಕಾಲನ್ನೂ ಓದಿಕೊಂಡು ಅರ್ಧ ಹೆಜ್ಜೆ ಮುಂಚೆ ಹೊರಡುವ ಕಣ್ಣಿಲ್ಲದಿದ್ದರೆ ಆ ವೇಗ ಕೈಗೆ ಹತ್ತುವುದಿಲ್ಲ.

ಸೋಫಿ ಹುಟ್ಟಿದ್ದು 1925ರಲ್ಲಿ, ಮಿಷಿಗನ್ ರಾಜ್ಯದ ಫ್ಲಿಂಟ್ ಎಂಬ ಮೋಟಾರು ಕಾರ್ಖಾನೆಗಳ ಊರಿನಲ್ಲಿ. ಎರಡನೆಯ ಮಹಾಯುದ್ಧಕ್ಕೆಂದು ಗಂಡಸರು ಸೇನೆ ಸೇರುತ್ತಿದ್ದ ದಿನಗಳಲ್ಲಿ, ಚೂಯಿಂಗ್ ಗಮ್ ಉದ್ಯಮಿಯೂ ಶಿಕಾಗೊ ಕಬ್ಸ್ ತಂಡದ ಒಡೆಯರೂ ಆಗಿದ್ದ ಫಿಲಿಪ್ ರಿಗ್ಲಿ, ಪುರುಷರ ಬೇಸ್‌ಬಾಲ್ ನಿಂತುಹೋದರೆ ಮೈದಾನಗಳು ಬಣಗುಟ್ಟುತ್ತವೆಂಬ ಲೆಕ್ಕದಲ್ಲಿ 1943ರಲ್ಲಿ ಮಹಿಳೆಯರ ವೃತ್ತಿಪರ ಲೀಗ್ ಒಂದನ್ನು ಆರಂಭಿಸಿದರು. ನಾಲ್ಕು ತಂಡಗಳಿದ್ದವು. ಹದಿನೆಂಟರ ಸೋಫಿ ಮಿಷಿಗನ್ ಸರೋವರದ ದಡದ ರಸೀನ್ ಊರಿನ ಬೆಲ್ಸ್ ತಂಡ ಸೇರಿ, ಬೇಗನೆ ಎರಡನೆಯ ಬೇಸ್‌ನ ಕಾವಲಿಗೆ ನಿಂತರು. ಆ ಲೀಗ್‌ನಲ್ಲಿ ಸಂಬಳ ವಾರಕ್ಕೆ 45ರಿಂದ 85 ಡಾಲರ್‌ಗಳಷ್ಟಿತ್ತು. ಕಪ್ಪು ವರ್ಣದ ಆಟಗಾರ್ತಿಯರಿಗೆ ಮಾತ್ರ ಈ ಲೀಗ್ ಕೊನೆಯವರೆಗೂ ಬಾಗಿಲು ತೆರೆಯಲಿಲ್ಲ ಎಂಬುದನ್ನು ಇಲ್ಲಿಯೇ ಹೇಳಿಬಿಡಬೇಕು.

[ದೃಶ್ಯ: ಬೆಲ್ಟ್ ಕಟ್ಟಿದ, ಮೊಣಕಾಲಿನ ಮೇಲಕ್ಕೇ ನಿಲ್ಲುವ ಸಮವಸ್ತ್ರ]

ಈ ಉಡುಪನ್ನು ಸ್ವಲ್ಪ ಹೊತ್ತು ನೋಡಿ. ಆಟ ಗಂಡಸರಂತೆಯೇ ಬಿರುಸಾಗಿರಬೇಕು, ಆಡುವವರು ಮಾತ್ರ ಲಂಗದಲ್ಲಿರಬೇಕು ಎಂಬುದು ಲೀಗ್‌ನ ಷರತ್ತು. ಮೊದಮೊದಲು ನಡಿಗೆ, ಅಲಂಕಾರ, ಶಿಷ್ಟಾಚಾರಗಳಿಗೂ ತರಗತಿ ನಡೆದಿತ್ತು. ಪುರುಷರು ಉದ್ದ ಪ್ಯಾಂಟು ತೊಟ್ಟು ಜಾರುತ್ತಿದ್ದ ಅದೇ ಮಣ್ಣು ಮರಳಿನ ಮೇಲೆ ಈ ಹೆಣ್ಣುಮಕ್ಕಳು ಬರಿ ತೊಡೆಯಲ್ಲಿ ಜಾರಬೇಕಾಗಿತ್ತು. ಚರ್ಮ ಕಿತ್ತು ಕೆಂಪಗೆ ಹಣ್ಣಾದ ಆ ಗಾಯಗಳಿಗೆ ಆಟಗಾರ್ತಿಯರು ಇಟ್ಟ ಹೆಸರು ‘ಸ್ಟ್ರಾಬೆರಿ’. ಒಂದು ಗಾಯ ಮಾಯುವ ಮೊದಲೇ ಅದರ ಮೇಲೆ ಇನ್ನೊಂದು. ನೂರಕ್ಕೂ ಹೆಚ್ಚು ಪಂದ್ಯಗಳ ಋತುವಿನಲ್ಲಿ ಇನ್ನೂರು ಬಾರಿ ಕದಿಯಲು ಹೊರಟವರ ತೊಡೆಯ ಸ್ಥಿತಿಯನ್ನು ಊಹಿಸಿಕೊಳ್ಳಬಹುದು. ಹೆಣ್ತನ ಕಾಪಾಡಲು ಹೊಲಿಸಿದ ಲಂಗ ಕಾಪಾಡಬೇಕಾದ ಚರ್ಮವನ್ನೇ ಕಾಪಾಡಲಿಲ್ಲ.

ಈ 201ನ್ನು ಪುರುಷರ ಅಗ್ರ ಲೀಗ್‌ನ ಆಧುನಿಕ ಕಾಲದ ದಾಖಲೆಯ ಪಕ್ಕದಲ್ಲಿಡುವ ಆಸೆ ಯಾರಿಗಾದರೂ ಹುಟ್ಟುತ್ತದೆ. ರಿಕಿ ಹೆಂಡರ್ಸನ್ 1982ರಲ್ಲಿ 130 ಬೇಸ್ ಕದ್ದರು, 42 ಬಾರಿ ಸಿಕ್ಕಿಬಿದ್ದರು. ಆದರೆ ಹೋಲಿಕೆ ಅಷ್ಟು ಸಲೀಸಲ್ಲ. ಪುರುಷರಲ್ಲಿ ಬೇಸ್‌ನಿಂದ ಬೇಸ್‌ಗೆ 90 ಅಡಿ. ಮಹಿಳೆಯರ ಲೀಗ್ 65 ಅಡಿಯಿಂದ ಆರಂಭಿಸಿ, ಹಂತಹಂತವಾಗಿ ಹೆಚ್ಚಿಸುತ್ತ, 1954ರ ಕೊನೆಯ ಋತುವಿನಲ್ಲಷ್ಟೇ 85 ಅಡಿಗೆ ತಂದಿತು. ಓಡುವ ದೂರ ಕಡಿಮೆಯಿದ್ದಂತೆ ಕ್ಯಾಚರ್ ಎಸೆಯಬೇಕಾದ ದೂರವೂ ಕಡಿಮೆಯೇ ಇತ್ತು ಎಂಬುದೂ ಲೆಕ್ಕಕ್ಕೆ ಬರಬೇಕು. ನನ್ನ ಮಟ್ಟಿಗೆ ಹೆಚ್ಚು ತೂಕದ ಸಾಕ್ಷ್ಯವೆಂದರೆ, ಅದೇ ಮೈದಾನದಲ್ಲಿ ಅದೇ ದೂರ ಓಡಿದ ಆ ಲೀಗ್‌ನ ಬೇರಾವ ಆಟಗಾರ್ತಿಯೂ ಒಂದು ಋತುವಿನಲ್ಲಿ 201ನ್ನು ಮುಟ್ಟಲಿಲ್ಲ ಎಂಬುದು.

[ದೃಶ್ಯ: ರಾತ್ರಿ ದೀಪದಡಿಯ ಮೈದಾನ]

ಅದೇ 1946ರ ಸೆಪ್ಟೆಂಬರ್. ರಾಕ್‌ಫರ್ಡ್ ಪೀಚಸ್ ವಿರುದ್ಧದ ಅಂತಿಮ ಸರಣಿಯ ಆರನೆಯ ಪಂದ್ಯ ರಸೀನ್‌ನಲ್ಲಿಯೇ ನಡೆಯಿತು. ರಾಕ್‌ಫರ್ಡ್‌ನ ಪಿಚರ್ ಕ್ಯಾರೊಲಿನ್ ಮಾರಿಸ್ ಒಂಬತ್ತು ಇನಿಂಗ್ಸ್‌ಗಳವರೆಗೆ ಒಂದೇ ಒಂದು ಹಿಟ್, ಅಂದರೆ ಹೊಡೆದವಳನ್ನು ಬೇಸ್ ಸೇರಿಸುವ ಹೊಡೆತ, ಬಿಟ್ಟುಕೊಡಲಿಲ್ಲ. ಇತ್ತ ರಸೀನ್‌ನ ಜೋಆನ್ ವಿಂಟರ್ ಮತ್ತೆ ಮತ್ತೆ ಹಿಟ್ ಕೊಟ್ಟರೂ ಯಾರನ್ನೂ ಹೋಮ್ ತಲುಪಲು ಬಿಡಲಿಲ್ಲ. ಸಾಮಾನ್ಯವಾಗಿ ಒಂಬತ್ತು ಇನಿಂಗ್ಸ್‌ಗೆ ಮುಗಿಯುವ ಆಟ ಮುಂದುವರಿದು, ಸೊನ್ನೆಗೆ ಸೊನ್ನೆಯಾಗಿಯೇ ಹದಿನಾಲ್ಕನೆಯ ಇನಿಂಗ್ಸ್ ಬಂತು. ಸೋಫಿ ಹಿಟ್ ಹೊಡೆದು ಮೊದಲ ಬೇಸ್ ಸೇರಿದರು, ಎರಡನೆಯದನ್ನು ಕದ್ದರು, ಮೂರನೆಯದನ್ನು ಕದಿಯಲು ಆಗಲೇ ಓಡುತ್ತಿದ್ದಾಗ ಬೆಟ್ಟಿ ಟ್ರೆಜ್ಜಾ ಚೆಂಡನ್ನು ಬಲಗಡೆಗೆ ಹೊಡೆದರು. ಸೋಫಿ ನಿಲ್ಲಲಿಲ್ಲ. ಮೂರನೆಯ ಬೇಸ್ ಸುತ್ತಿ, ಹೋಮ್‌ಗೆ ಜಾರಿ, ಪಂದ್ಯದ ಏಕೈಕ ರನ್ ಗಳಿಸಿದರು. ಅದರೊಂದಿಗೆ ಪ್ರಶಸ್ತಿ ರಸೀನ್ ಪಾಲಾಯಿತು. ಆಗ ಲೀಗ್‌ನ ಅಧ್ಯಕ್ಷರಾಗಿದ್ದ, ಸ್ವತಃ ಹೆಸರಾಂತ ಬೇಸ್ ಕಳ್ಳರಾಗಿದ್ದ ಮ್ಯಾಕ್ಸ್ ಕೇರಿ, ತಾವು ಕಂಡ ಅತ್ಯುತ್ತಮ ಪಂದ್ಯ ಇದೇ ಎಂದರು. ಆ ವರ್ಷದ ಶ್ರೇಷ್ಠ ಆಟಗಾರ್ತಿ ಪ್ರಶಸ್ತಿಯೂ ಸೋಫಿಯವರಿಗೇ ಬಂತು.

ಮುಂದೆಯೂ 1950ರವರೆಗೆ ಅವರು ಪ್ರತಿ ವರ್ಷ ನೂರರ ಮೇಲೆಯೇ ಕದ್ದರು: 142, 172, 137, 120. 1950ರ ಋತುವಿನ ನಂತರ ರಸೀನ್ ತಂಡ ಬ್ಯಾಟಲ್ ಕ್ರೀಕ್ ಊರಿಗೆ ಸ್ಥಳಾಂತರವಾಯಿತು. 1952ರಲ್ಲಿ ಅಲ್ಲಿ ಕೆಲವೇ ಪಂದ್ಯ ಆಡಿದ ಸೋಫಿ ಇನ್ನೂ 17 ಸೇರಿಸಿ, ಒಟ್ಟು ಲೆಕ್ಕವನ್ನು 1,114ಕ್ಕೆ ನಿಲ್ಲಿಸಿದರು. ಲೀಗ್ 1954ರಲ್ಲಿ ಮುಚ್ಚಿತು. 1988ರಲ್ಲಿ ಕೂಪರ್ಸ್‌ಟೌನ್‌ನ ಬೇಸ್‌ಬಾಲ್ ವಸ್ತುಸಂಗ್ರಹಾಲಯ ಮಹಿಳಾ ಬೇಸ್‌ಬಾಲ್‌ಗೆಂದು ಪ್ರದರ್ಶನ ತೆರೆಯುವವರೆಗೆ ಹೊರಗಿನವರು ಈ ಲೀಗನ್ನು ಬಹುಮಟ್ಟಿಗೆ ಮರೆತೇ ಇದ್ದರು. ಸೋಫಿ ಅರಿಜೋನಾದ ಸ್ಕಾಟ್ಸ್‌ಡೇಲ್‌ನಲ್ಲಿ ನೆಲೆಸಿ, 2013ರ ಫೆಬ್ರುವರಿಯಲ್ಲಿ 87ನೆಯ ವಯಸ್ಸಿನಲ್ಲಿ ಅಲ್ಲಿಯೇ ತೀರಿಕೊಂಡರು.