ಒಪ್ಪಿಗೆ ಮೊದಲು, ಇಲಿ ಆಮೇಲೆ

ಕೇಳುಗರಿಗೆಲ್ಲ ನಮಸ್ಕಾರ. ನಾನು ಪಶುವೈದ್ಯ. ಪ್ರಾಣಿಗಳ ಮೇಲೆ ಪ್ರಯೋಗ ಮಾಡುವ ಅರ್ಜಿ ನೋಡಿ ಒಪ್ಪಿಗೆ ಕೊಡುವ, ಕಾಲೇಜುಗಳ ಪ್ರಾಣಿ ನೀತಿ ಸಮಿತಿಗಳಲ್ಲಿ ವರ್ಷಗಟ್ಟಲೆ ಕೂತವನು. ಎಂ.ಫಾರ್ಮ್ ಓದುವ ಮಕ್ಕಳು, ಪಿಎಚ್‌.ಡಿ. ಮಾಡುವವರು, ಅವರ ಗೈಡ್‌ಗಳು ಕೇಳುತ್ತಿದ್ದರೆ ರೇಡಿಯೋ ಸದ್ದು ಸ್ವಲ್ಪ ಜಾಸ್ತಿ ಮಾಡಿಕೊಳ್ಳಿ. ನಾನು ಹೇಳುವುದು ಒಂದೇ ಮಾತು. ಒಪ್ಪಿಗೆ ಮೊದಲು, ಇಲಿ ಆಮೇಲೆ.

ನಮ್ಮಲ್ಲಿ ಪ್ರಾಣಿ ಹಿಂಸೆ ತಡೆ ಕಾಯ್ದೆ ಬಂದದ್ದು 1960ರಲ್ಲಿ. ಅದರ ಹಿಂದೆ ಭರತನಾಟ್ಯದ ರುಕ್ಮಿಣಿ ದೇವಿ ಅರುಂಡೇಲ್ ಇದ್ದರು. ರಾಜ್ಯಸಭೆಯಲ್ಲಿ ಈ ಮಾತು ಎತ್ತಿದವರು ಅವರೇ. ಕಾಯ್ದೆ ಪ್ರಯೋಗ ಮಾಡಬೇಡಿ ಎನ್ನುವುದಿಲ್ಲ. ಅರಿವಳಿಕೆ ಕೊಟ್ಟು ಮಾಡಿ, ಇಲಿಯಲ್ಲಿ ಆಗುವುದನ್ನು ದೊಡ್ಡ ಪ್ರಾಣಿಯಲ್ಲಿ ಮಾಡಬೇಡಿ, ಬರೀ ಕೈ ಪಳಗಿಸಿಕೊಳ್ಳಲು ಮಾಡಲೇಬೇಡಿ ಎನ್ನುತ್ತದೆ. 1998ರಲ್ಲಿ ನಿಯಮಗಳು ಬಂದವು. ಪ್ರಯೋಗದ ಪ್ರಾಣಿಗಳನ್ನು ಸಾಕುವ ಪ್ರಾಣಿಮನೆ ನೋಂದಣಿ ಆಗಿರಬೇಕು. ಕಾಲೇಜಿನಲ್ಲಿ ಸಮಿತಿ ಇರಬೇಕು. ಇಲಿ, ಮೊಲಕ್ಕೆ ಆ ಸಮಿತಿಯ ಒಪ್ಪಿಗೆ ಸಾಕು. ನಾಯಿ, ಕೋತಿ ಎಂದರೆ ಕೇಂದ್ರದ ಸಮಿತಿಗೇ ಹೋಗಬೇಕು.

ಕಾಲೇಜಿನ ಸಮಿತಿಯಲ್ಲಿ ವಿಜ್ಞಾನಿಗಳಿರುತ್ತಾರೆ, ಒಬ್ಬ ಪಶುವೈದ್ಯ ಇರುತ್ತಾನೆ, ಕೇಂದ್ರ ಸಮಿತಿ ಕಳಿಸಿದವರು ಇರುತ್ತಾರೆ. ಜೊತೆಗೆ ವಿಜ್ಞಾನಕ್ಕೆ ಸಂಬಂಧವೇ ಇಲ್ಲದ ಒಬ್ಬ ಸದಸ್ಯರೂ ಇರಲೇಬೇಕು. ‘ಅವರು ಯಾಕೆ ಸಾರ್, ಅವರಿಗೇನು ಅರ್ಥ ಆಗುತ್ತೆ?’ ಎಂದು ತುಂಬಾ ಜನ ಕೇಳಿದ್ದಾರೆ. ಅದಕ್ಕೊಂದು ಘಟನೆ ಹೇಳುತ್ತೇನೆ.

ಒಂದು ಕಾಲೇಜು. ಅಲ್ಲಿನ ಸಮಿತಿಯಲ್ಲಿ ನಿವೃತ್ತರಾದ ಕನ್ನಡ ಮೇಡಂ ಒಬ್ಬರಿದ್ದರು. ಒಬ್ಬಳು ಹುಡುಗಿ ಅರ್ಜಿ ತಂದಳು. ಯಾವುದೋ ಸೊಪ್ಪಿನ ರಸ ಗಾಯ ಬೇಗ ಮಾಯಿಸುತ್ತದಾ ಎಂದು ನೋಡಬೇಕಿತ್ತು. ಇಲಿಯ ಬೆನ್ನ ಮೇಲೆ ಗಾಯ ಮಾಡಿ, ರಸ ಹಚ್ಚಿ, ದಿನಾ ಅಳೆಯುವುದು. ನಾವೆಲ್ಲ ಡೋಸು, ಗುಂಪು, ಲೆಕ್ಕ ಎಂದು ಅರ್ಧ ಗಂಟೆ ಮಾತಾಡಿದೆವು. ಮೇಡಂ ಸುಮ್ನೆ ಕೂತಿದ್ದರು. ಕೊನೆಗೆ ಕೇಳಿದರು: ‘ಭಾನುವಾರ ಅವನ್ನು ಯಾರು ನೋಡಿಕೊಳ್ತಾರಮ್ಮ?’

ಯಾರೂ ಮಾತಾಡಲಿಲ್ಲ. ಹುಡುಗಿ ಪ್ರಾಮಾಣಿಕಳು. ‘ಭಾನುವಾರ ಕಾಲೇಜು ರಜೆ ಮೇಡಂ. ಶನಿವಾರವೇ ಕಾಳು, ನೀರು ಇಟ್ಟು ಹೋಗ್ತೀವಿ’ ಅಂದಳು. ನಾನು ಅರ್ಜಿಯನ್ನು ಮತ್ತೆ ತಿರುವಿ ನೋಡಿದೆ. ನೋವಿಗೆ ಏನು ಕೊಡುತ್ತೀರಿ ಎಂಬ ಕಡೆ ಒಂದು ಗೆರೆ ಎಳೆದಿತ್ತು, ಅಷ್ಟೇ. ಅದನ್ನು ನಾನೂ ಗಮನಿಸಿರಲಿಲ್ಲ. ಗೈಡ್‌ಗೆ ಸಿಟ್ಟು ಬಂತು, ಒಂದು ತಿಂಗಳು ಹಾಳು ಅಂದರು. ಅರ್ಜಿ ವಾಪಸ್ ಹೋಯಿತು.

ಮುಂದಿನ ಸಭೆಗೆ ಅವಳು ತಂದ ಅರ್ಜಿಯೇ ಬೇರೆ. ನೋವಿನ ಔಷಧ ಇತ್ತು. ಇಲಿಗಳ ಸಂಖ್ಯೆಗೆ ಲೆಕ್ಕ ಇತ್ತು, ಇಳಿದೂ ಇತ್ತು. ರಜೆ ದಿನಗಳ ಪಾಳಿ ಬರೆದಿದ್ದಳು. ಒಪ್ಪಿದೆವು. ಮೊದಲ ಭಾನುವಾರವೇ ನನಗೆ ಫೋನ್ ಮಾಡಿದಳು. ‘ಸಾರ್, ಒಂದು ಇಲಿ ಬೆನ್ನು ಗೂನು ಮಾಡಿ ಕೂತಿದೆ. ಕೂದಲು ನಿಮಿರಿದೆ. ಕಣ್ಣಿಂದ ರಕ್ತ ಬರ್ತಿದೆ.’

ಅದು ರಕ್ತ ಅಲ್ಲ. ಇಲಿಗೆ ನೋವಾದರೆ, ಒತ್ತಡವಾದರೆ ಕಣ್ಣಿನ ಸುತ್ತ ಕೆಂಪಗೆ ಒಸರುತ್ತದೆ. ಇಲಿ ಬೆಕ್ಕಿಗೂ ಹಾವಿಗೂ ಆಹಾರ ಆಗುವ ಪ್ರಾಣಿ, ನೋವನ್ನು ಮುಚ್ಚಿಟ್ಟುಕೊಳ್ಳುತ್ತದೆ. ಇಷ್ಟು ಕಾಣಿಸಿದೆ ಎಂದರೆ ತುಂಬಾ ನೋವಿದೆ ಎಂದೇ ಅರ್ಥ. ಹೋಗಿ ನೋಡಿದೆ. ಗಾಯ ಕೀವಾಗಿತ್ತು. ತೊಳೆದು ಔಷಧ ಕೊಟ್ಟೆವು. ಸಂಜೆ ಹೊತ್ತಿಗೆ ಕಾಳಿನ ಹತ್ತಿರ ಬಂತು. ಮೊದಲ ಅರ್ಜಿಗೇ ಸಹಿ ಹಾಕಿದ್ದರೆ ಅದು ಸೋಮವಾರದವರೆಗೆ ಹಾಗೇ ಕೂತಿರುತ್ತಿತ್ತು.

ಇನ್ನೊಂದು ಮಾತು. ಒತ್ತಡದಲ್ಲಿರುವ ಇಲಿಯ ಗಾಯ ನಿಧಾನವಾಗಿ ಮಾಯುತ್ತದೆ. ಆಗ ನೀವು ಅಳೆದದ್ದು ಸೊಪ್ಪಿನ ಗುಣವೋ, ಇಲಿಯ ಸಂಕಟವೋ? ಹೇಳಿ ನೋಡೋಣ.

ಸಮಯ ಆಗುತ್ತಾ ಬಂತು, ಬೇಗ ಹೇಳುತ್ತೇನೆ. 1959ರಲ್ಲಿ ಇಂಗ್ಲೆಂಡಿನ ವಿಜ್ಞಾನಿಗಳಾದ ರಸೆಲ್ ಮತ್ತು ಬರ್ಚ್ ಮೂರು ಪ್ರಶ್ನೆ ಮುಂದಿಟ್ಟರು. ಪ್ರಾಣಿ ಇಲ್ಲದೆ ಆಗುತ್ತಾ? ಕಡಿಮೆ ಪ್ರಾಣಿಯಲ್ಲಿ ಆಗುತ್ತಾ? ಕಡಿಮೆ ನೋವಿನಲ್ಲಿ ಆಗುತ್ತಾ? ಪ್ರಯೋಗ ಮುಗಿದ ಮೇಲೆ ಆ ಪ್ರಾಣಿಯ ಗತಿ ಏನು ಎಂಬ ನಾಲ್ಕನೆಯದನ್ನು ನಮ್ಮ ದೇಶ ಸೇರಿಸಿತು. ಈ ನಾಲ್ಕನ್ನೂ ಪ್ರಯೋಗಕ್ಕೆ ಮುಂಚೆಯೇ ಕೇಳಬೇಕು, ಅಲ್ವಾ? ಕೆಲವರು ಕೆಲಸ ಎಲ್ಲ ಮುಗಿಸಿ, ಜರ್ನಲ್‌ನವರು ಒಪ್ಪಿಗೆ ಸಂಖ್ಯೆ ಕೇಳಿದಾಗ ಓಡಿ ಬರುತ್ತಾರೆ. ‘ಹಿಂದಿನ ತಾರೀಖು ಹಾಕಿ ಕೊಡಿ ಸಾರ್’ ಅನ್ನುತ್ತಾರೆ. ದಯವಿಟ್ಟು ಕೇಳಬೇಡಿ. ಅದು ಸುಳ್ಳು ದಾಖಲೆ. ನಾನು ಯಾರಿಗೂ ಕೊಟ್ಟಿಲ್ಲ. ಒಪ್ಪಿಗೆ ಮೊದಲು, ಇಲಿ ಆಮೇಲೆ.

ಈಗ ಫಾರ್ಮ್ ಬಿ, ಅಂದರೆ ಈ ಒಪ್ಪಿಗೆಯ ಅರ್ಜಿ, ತುಂಬುತ್ತಿರುವವರು ನೋವಿನ ಔಷಧದ ಜಾಗ ಖಾಲಿ ಇದೆಯಾ ಎಂದು ಒಮ್ಮೆ ನೋಡಿ. ಭಾನುವಾರ ಯಾರು ಬರುತ್ತಾರೆ ಎಂದು ಹೆಸರು ಬರೆಯಿರಿ. ಅವರ ಫೋನ್ ನಂಬರನ್ನೂ ಬರೆಯಿರಿ. ನಮಸ್ಕಾರ.