ವಿಷ್ಣುವರ್ಧನ್ ಹೆಸರಿನ ಗ್ಲಾಸಿಗೆ ಸ್ಟ್ರಾ ಬೇಡ

(ಸೆಪ್ಟೆಂಬರ್ 18ರಂದು, ನಟ ವಿಷ್ಣುವರ್ಧನ್ ಹುಟ್ಟುಹಬ್ಬದ ದಿನ, ಚಿತ್ರದುರ್ಗದಲ್ಲಿ ಕೇಟರಿಂಗ್ ಕಲಿಯುವ ವಿದ್ಯಾರ್ಥಿಗಳು ಮತ್ತು ಅಭಿಮಾನಿಗಳ ಮುಂದೆ ಆಡಿದ ಮಾತು)

ಎಲ್ಲರಿಗೂ ನಮಸ್ಕಾರ.

ನಟರ ಹುಟ್ಟುಹಬ್ಬ ಬಂದರೆ ನಾವು ಕಟೌಟ್ ನಿಲ್ಲಿಸುತ್ತೇವೆ, ಹಾರ ಹಾಕುತ್ತೇವೆ, ಪ್ಯಾಕೆಟ್‌ಗಟ್ಟಲೆ ಹಾಲು ಸುರಿಯುತ್ತೇವೆ. ಆ ಹಾಲು ಯಾರ ಹೊಟ್ಟೆಗೂ ಹೋಗುವುದಿಲ್ಲ. ಅದರ ಬದಲು ಅವರ ಹೆಸರಲ್ಲಿ ಒಂದು ಪಾನೀಯ ಮಾಡಿ ನಾಲ್ಕು ಜನಕ್ಕೆ ಕುಡಿಸೋಣ ಅಂತೀನಿ ನಾನು.

ಹಾಲಿವುಡ್‌ನವರಿಗೆ ಇದು ಹಳೇ ರೂಢಿ. ಅಮೆರಿಕದಲ್ಲಿ 1920ರಿಂದ 1933ರವರೆಗೆ ಪಾನನಿಷೇಧ ಇತ್ತು. ಕುಡಿಯುವವರು ಹಡಗು ಹತ್ತಿ ಕ್ಯೂಬಾಕ್ಕೆ ಹೋಗುತ್ತಿದ್ದರು. ನಟಿ ಮೇರಿ ಪಿಕ್‌ಫರ್ಡ್ ಹೆಸರಿನ ಕಾಕ್‌ಟೇಲ್ ಹುಟ್ಟಿದ್ದು ಆ ಕಾಲದ ಕ್ಯೂಬಾದಲ್ಲೇ. ಬಿಳಿ ರಮ್, ಅನಾನಸ್ ರಸ, ಚೆರ್ರಿ ಲಿಕ್ಯೂರ್ ಅಂದರೆ ಚೆರ್ರಿಯ ಸಿಹಿ ಮದ್ಯ, ಗ್ರೆನಡೀನ್ ಅನ್ನುವ ಕೆಂಪು ಸಿರಪ್. ಚಾರ್ಲಿ ಚಾಪ್ಲಿನ್ ಹೆಸರಲ್ಲೂ ಒಂದಿದೆ. ಏಪ್ರಿಕಾಟ್ ಬ್ರಾಂದಿ, ಸ್ಲೋ ಅನ್ನುವ ಕಾಡುಹಣ್ಣಿನ ಜಿನ್, ನಿಂಬೆರಸ, ಮೂರೂ ಸಮಸಮ. ಕುಡಿಯಲು ಚೆನ್ನಾಗಿದೆ, ಒಪ್ಪುತ್ತೇನೆ. ಆದರೆ ಅದರಲ್ಲಿ ಚಾಪ್ಲಿನ್ ಎಲ್ಲಿದ್ದಾನೆ? ಆ ಹಸಿವು, ಆ ತುಂಟತನ? ಹೆಸರು ಕಿತ್ತು ಬೇರೆಯವರದ್ದು ಅಂಟಿಸಿದರೂ ಗ್ಲಾಸಿಗೇನೂ ಬೇಜಾರಾಗುವುದಿಲ್ಲ. ನನ್ನ ತಕರಾರು ಇದೇ. ನಟನ ಹೆಸರಿಟ್ಟ ಮೇಲೆ ಅವನು ಮಾಡಿದ ಪಾತ್ರಗಳು ನಾಲಿಗೆಗೆ ಸಿಗಬೇಕು.

ಈಗ ನಮ್ಮ ವಿಷ್ಣುವರ್ಧನ್‌ಗೆ ಬರೋಣ. ದುರ್ಗದಲ್ಲಿ ನಿಂತು ಬೇರೆಯವರ ಹೆಸರು ಎತ್ತಿದರೆ ನೀವು ಬಿಡ್ತೀರಾ? 1972ರಲ್ಲಿ ಪುಟ್ಟಣ್ಣ ಕಣಗಾಲ್ ಇದೇ ಕೋಟೆಯ ಬಂಡೆಗಳ ಮೇಲೆ ಅವರನ್ನು ರಾಮಾಚಾರಿಯಾಗಿ ನಿಲ್ಲಿಸಿದರು. ತರಾಸು ಅವರ ಮೂರು ಕಾದಂಬರಿ ಸೇರಿ ಆದ ಸಿನಿಮಾ ‘ನಾಗರಹಾವು’. ಅಂಬರೀಶ್ ಬಂದಿದ್ದೂ ಅದರಲ್ಲೇ, ಜಲೀಲನಾಗಿ. ಅವರ ಗ್ಲಾಸಿಗೆ ಇನ್ನೊಂದು ಉಪನ್ಯಾಸವೇ ಬೇಕು, ಇವತ್ತು ಬೇಡ.

ರಾಮಾಚಾರಿ ಅಂದರೆ ಮೂಗಿನ ತುದಿಯಲ್ಲೇ ಸಿಟ್ಟು. ಹನ್ನೆರಡು ವರ್ಷ ಕಳೆದು ‘ಬಂಧನ’ದಲ್ಲಿ ಅದೇ ಮನುಷ್ಯ ಪ್ರೀತಿಯನ್ನು ಒಳಗೇ ನುಂಗಿಕೊಳ್ಳುವ ಡಾಕ್ಟರ್ ಹರೀಶ್. 1990ರ ‘ಮುತ್ತಿನಹಾರ’ದಲ್ಲಿ ಮಗನನ್ನು ಕಳೆದುಕೊಂಡ ಸೈನಿಕ. ಮೇಲೆ ಖಾರ, ಕೆಳಗೆ ಸಿಹಿ, ಆ ಸಿಹಿಯೊಳಗೆ ಉಪ್ಪು. ನನ್ನ ಗ್ಲಾಸು ಇಷ್ಟೇ.

ಮೊದಲು ದಾಳಿಂಬೆ ಸಿರಪ್. ಗ್ರೆನಡೀನ್ ಅಂದೆನಲ್ಲ, ಅದು ಮೂಲದಲ್ಲಿ ದಾಳಿಂಬೆಯದ್ದೇ. ಈಗ ಬಾಟಲಿಯಲ್ಲಿ ಸಿಗುವ ಎಷ್ಟೋ ಗ್ರೆನಡೀನ್‌ನಲ್ಲಿ ದಾಳಿಂಬೆಯೇ ಇರುವುದಿಲ್ಲ, ಬರೀ ಬಣ್ಣ ಮತ್ತು ಸಕ್ಕರೆ. ಹೊಸದುರ್ಗ, ಹಿರಿಯೂರು ಕಡೆ ಅಷ್ಟು ತೋಟಗಳಿರುವಾಗ ನಮಗ್ಯಾಕೆ ಅದು? ಒಂದು ಲೋಟ ರಸಕ್ಕೆ ಒಂದು ಲೋಟ ಸಕ್ಕರೆ, ಸಣ್ಣ ಉರಿ, ಸಕ್ಕರೆ ಕರಗಿದ ಕೂಡಲೇ ಇಳಿಸಿ. ಜಾಸ್ತಿ ಕುದಿಸಿದರೆ ಕೆಂಪು ಹೋಗಿ ಕಂದಾಗುತ್ತದೆ. ಒಂದು ಚಿಟಿಕೆ ಉಪ್ಪು ಹಾಕಿ, ಪೂರ್ತಿ ಆರಲು ಬಿಡಿ.

ಉದ್ದನೆ ಗ್ಲಾಸಿನ ತಳಕ್ಕೆ ಒಂದು ಚಮಚ ದಾಳಿಂಬೆ ಕಾಳು, ಮೇಲೆ 30 ಮಿಲಿ ಸಿರಪ್. ಆಮೇಲೆ ಗ್ಲಾಸಿನ ತುಂಬ ಐಸ್. ಬೇರೆ ಬಟ್ಟಲಲ್ಲಿ 20 ಮಿಲಿ ನಿಂಬೆರಸ, ಒಂದು ಚಮಚ ಶುಂಠಿ ರಸ, ಸೀಳಿದ ಹಸಿಮೆಣಸಿನಕಾಯಿ ಹತ್ತು ನಿಮಿಷ ನೆನೆಸಿ ಸೋಸಿಕೊಳ್ಳಿ. ಅದನ್ನು ಐಸ್ ಮೇಲೆ ಹಾಕಿ, ಚಮಚದ ಬೆನ್ನ ಮೇಲಿಂದ ನಿಧಾನಕ್ಕೆ ಸೋಡಾ ಬಿಡಿ. ಸಿರಪ್ ಭಾರ, ತಳದಲ್ಲೇ ಕೂರುತ್ತದೆ. ಕಲಕಬೇಡಿ. ಸ್ಟ್ರಾ ಕೊಡಲೇಬೇಡಿ. ಸ್ಟ್ರಾ ಹಾಕಿದರೆ ಹರೀಶ್ ಮೊದಲು ಬಂದು ರಾಮಾಚಾರಿ ಕೊನೆಗೆ ಬರುತ್ತಾನೆ, ಕಥೆಯೇ ಉಲ್ಟಾ. ಅಂಚಿನಿಂದ ಕುಡಿದರೆ ಮೊದಲು ಶುಂಠಿ ಚುರ್ ಅನ್ನುತ್ತದೆ, ಮೆಣಸಿನಕಾಯಿ ಸ್ವಲ್ಪ ತಡವಾಗಿ ಗಂಟಲಿಗೆ ಹತ್ತುತ್ತದೆ. ಐಸ್ ಕರಗುತ್ತಾ ಸಿಹಿ ಮೇಲೇರುತ್ತದೆ. ಕೊನೆಗೆ ಅಗಿಯಲು ಕಾಳು ಉಳಿಯುತ್ತವೆ. ವಿಷ್ಣು ತೀರಿಕೊಂಡಿದ್ದು 2009ರ ಡಿಸೆಂಬರ್ 30ರಂದು, ಅವರು ನಟಿಸಿದ ‘ಆಪ್ತರಕ್ಷಕ’ ತೆರೆಗೆ ಬಂದಿದ್ದು 2010ರಲ್ಲಿ. ಕಾಳು ಹಾಕಿದ್ದು ಅದಕ್ಕೇ.

ನಿಂಬೆ ಸಿಪ್ಪೆಯನ್ನು ಬಳೆಯಂತೆ ಸುತ್ತಿ ಗ್ಲಾಸಿಗೆ ವಿಷ್ಣು ಕೈಯಲ್ಲಿರುತ್ತಿದ್ದಂಥ ಕಡಗ ತೊಡಿಸೋಣ ಅಂತ ಹುಡುಗನೊಬ್ಬ ಹೇಳಿದ. ತೊಡಿಸಿ, ಚೆಂದ ಕಾಣುತ್ತದೆ. ಆದರೆ ಕಡಗ ಒಂದೇ ಇದ್ದು ಒಳಗೆ ಬರೀ ನಿಂಬೆ ಸೋಡಾ ಇದ್ದರೆ ಅದು ಕಟೌಟೇ ಆಯ್ತು, ಅಲ್ವಾ?

ಇದಕ್ಕೆ ರಮ್ ಹಾಕಬಹುದಾ ಅಂತ ಹಿಂದಿನ ಸಾಲಿನಿಂದ ಪಿಸುಮಾತು ಕೇಳಿಸಿತು. ಹಾಕಿದರೆ ಕೆಡುವುದಿಲ್ಲ, ದಾಳಿಂಬೆಗೂ ರಮ್‌ಗೂ ಹೊಂದುತ್ತದೆ. ಆದರೆ ಇಲ್ಲಿ ಅಜ್ಜಿಯರಿದ್ದಾರೆ, ಮಕ್ಕಳಿದ್ದಾರೆ, ಅವರೂ ವಿಷ್ಣು ಅಭಿಮಾನಿಗಳೇ. ಬಾಲನಟಿ ಶೆರ್ಲಿ ಟೆಂಪಲ್ ಹೆಸರಿನ ಪಾನೀಯದಲ್ಲೂ ಮದ್ಯ ಇಲ್ಲ. ಜಿಂಜರ್ ಏಲ್ ಅನ್ನುವ ಶುಂಠಿ ಸೋಡಾ, ಗ್ರೆನಡೀನ್, ಮೇಲೊಂದು ಚೆರ್ರಿ, ಅಷ್ಟೇ. ದೊಡ್ಡವಳಾದ ಮೇಲೆ ಆಕೆಗೇ ಅದು ವಿಪರೀತ ಸಿಹಿ ಅನ್ನಿಸುತ್ತಿತ್ತಂತೆ. 1988ರಲ್ಲಿ ಕಂಪನಿಯೊಂದು ಆ ಹೆಸರಿನ ಬಾಟಲಿ ಮಾರಲು ಹೊರಟಾಗ ಆಕೆ ಕೋರ್ಟಿಗೂ ಹೋದರು. ನಾಳೆ ಹೋಟೆಲ್ ಇಟ್ಟು ನಟರ ಹೆಸರನ್ನು ಮೆನುವಿಗೆ ಹಾಕುವವರು ಇದನ್ನು ನೆನಪಿಡಿ. ಸುಮ್ನೆ ಹಂಚುವುದು ಬೇರೆ, ಮಾರುವುದು ಬೇರೆ. ಮನೆಯವರ ಒಪ್ಪಿಗೆ ಕೇಳಿ.

ಹೊರಗೆ ಮೇಜಿನ ಮೇಲೆ ಗ್ಲಾಸುಗಳು ರೆಡಿ ಇವೆ. ಸಕ್ಕರೆ ಕಾಯಿಲೆ ಇರುವವರಿಗೆ ಸಿರಪ್ ಬದಲು ಬರೀ ದಾಳಿಂಬೆ ರಸ ಸ್ವಲ್ಪವೇ ಹಾಕಿ ಕೊಡುತ್ತಾರೆ, ಅದು ತಳದಲ್ಲಿ ಸರಿಯಾಗಿ ಕೂರಲ್ಲ, ಅಡ್ಜಸ್ಟ್ ಮಾಡ್ಕೊಳ್ಳಿ. ಖಾರ ಬೇಡದವರು ಮೊದಲೇ ಹೇಳಿ. ಸ್ಟ್ರಾ ಕೇಳಿದರೆ ಮಾತ್ರ ಸಿಗಲ್ಲ.